ಮುರಿದ ಸಂಕ ಮತ್ತು ನಮ್ಮ ವಕೀಲರ ಕ್ಯಾಸೆಟ್ಟು

ನಮ್ಮ ವಕೀಲರು ಮನುಷ್ಯರ ಜೊತೆ ಮಾತಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಾತಾಡುತ್ತಾರೆ. ಮೊದಲು ಅಂಗೈಯಲ್ಲಿರುವ ಯಂತ್ರಕ್ಕೆ ಹೇಳುತ್ತಾರೆ, ಯಂತ್ರ ನನಗೆ ಹೇಳುತ್ತದೆ, ನಾನು ಟೈಪ್ ಮಾಡುತ್ತೇನೆ, ಅವರು ಓದಿ ರುಜು ಹಾಕುತ್ತಾರೆ, ಆಮೇಲೆ ಆ ಮಾತು ಮನುಷ್ಯರನ್ನು ತಲುಪುತ್ತದೆ. ಸ್ವಲ್ಪ ತಡವಾಗುತ್ತದೆ, ಅಷ್ಟೆ!

ಯಂತ್ರವೆಂದರೆ ಸಾಬೂನಿನ ಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಕ್ಯಾಸೆಟ್ ರೆಕಾರ್ಡರು. ಕೆಂಪು ಗುಂಡಿ ಒತ್ತಿ ಬಾಯಿಯ ಹತ್ತಿರ ಹಿಡಿದರೆ ಹೇಳಿದ್ದನ್ನೆಲ್ಲ ನುಂಗಿಕೊಳ್ಳುತ್ತದೆ. ಕೊಪ್ಪದ ಅವರ ಆಫೀಸಿಗೆ ನಾನು ಕೆಲಸಕ್ಕೆ ಸೇರಿದ ದಿನವೇ, ಹೊಸಬಳ ಉತ್ಸಾಹದಲ್ಲಿ, "ಇದೆಲ್ಲ ಮೊಬೈಲಿನಲ್ಲೇ ಆಗ್ತದಲ್ಲ ಸಾರ್" ಎಂದಿದ್ದೆ.

"ಮೊಬೈಲಿಗೆ ಹೇಳ್ತಾ ಇರುವಾಗ ಯಾರಾದರೂ ಫೋನ್ ಮಾಡಿದರೆ ಎಂತ ಮಾಡುದು ಮಾರಾಯ್ತಿ?"

"ಕಟ್ ಮಾಡಬಹುದು ಸಾರ್."

"ಕಕ್ಷಿದಾರರ ಫೋನು ಕಟ್ ಮಾಡುದಾ! ನೀನು ಎಷ್ಟು ಓದಿದ್ದು?"

"ಬಿ.ಎ. ಸಾರ್."

"ಹಾಗಾದರೆ ಸರಿ" ಎಂದರು. ಏನು ಸರಿ ಎಂದು ನನಗೆ ಇವತ್ತಿನವರೆಗೂ ತಿಳಿದಿಲ್ಲ. ಮೊಬೈಲು ಅವರಲ್ಲೂ ಇದೆ. ಡಿಕ್ಟೇಶನ್ನಿಗೆ ತೊಂದರೆಯಾಗಬಾರದೆಂದು ಅದನ್ನು ಮೇಜಿನ ಖಾನೆಯೊಳಗೆ ಹಾಕಿ ಬೀಗ ಹಾಕಿರುತ್ತಾರೆ.

ಈಗ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಆ ಯಂತ್ರದ ಕ್ಯಾಸೆಟ್ಟೊಂದು ಎರಡು ವಾರದಿಂದ ನನ್ನ ಮುಂದೆ ಬಿದ್ದುಕೊಂಡಿತ್ತು. ಅದು ಟೈಪಾಗಿ ಕೋರ್ಟಿಗೆ ಹೋಗಬೇಕಿತ್ತು. ಸೀತೂರಿನ ಕಡೆಯ ಒಂದು ಬಡ ಮನೆಯವರು ಇನ್ನು ಮುಂದೆ ಯಾವ ದಾರಿಯಲ್ಲಿ ನಡೆಯಬೇಕೆನ್ನುವುದು ಅದರ ಮೇಲೆ ನಿಂತಿದೆ. ನನಗೋ ಅದನ್ನು ಹಾಕಿ ಕೇಳಲು ಕೈ ಬರುತ್ತಿರಲಿಲ್ಲ. ಅದರಲ್ಲಿ ಒಂದು ಶಬ್ದ ಇದೆ. ಆ ಶಬ್ದ ಬಂದಾಗ ನಾನು ಹನ್ನೊಂದು ಅಡಿ ದೂರದಲ್ಲಿ ನಿಂತಿದ್ದೆ.

ಅಲ್ಲಿಗೆ ಬರುತ್ತೇನೆ. ಮೊದಲು ಮನುಷ್ಯನ ಪರಿಚಯವಾಗಲಿ.

ನಮ್ಮ ಆಫೀಸಿನ ಒಂದು ನಿಯಮ: ಕ್ಯಾಸೆಟ್ಟಿನಲ್ಲಿ ಇದ್ದದ್ದೆಲ್ಲ ಕಾಗದಕ್ಕೆ ಬರಬೇಕು. ಒಮ್ಮೆ ನಾನು ಅನಗತ್ಯವೆಂದು ಒಂದು ವಾಕ್ಯ ಬಿಟ್ಟಿದ್ದಕ್ಕೆ, "ಯಾವುದು ಬೇಕು, ಯಾವುದು ಬೇಡ ಅಂತ ತೀರ್ಮಾನ ಮಾಡುದಕ್ಕೆ ಕೋರ್ಟು ಉಂಟು. ನೀನು ಟೈಪ್ ಮಾಡು" ಎಂದಿದ್ದರು. ಮಾಡಿದೆ. ಮುಂದಿನ ವಾರವೇ ಅಡ್ಡಗದ್ದೆಯ ಒಬ್ಬರಿಗೆ ಬೇಲಿಯ ವಿಷಯದಲ್ಲಿ ನೋಟೀಸು ಹೋಯಿತು. "ಈ ನೋಟೀಸು ತಲುಪಿದ ಹದಿನೈದು ದಿನದೊಳಗೆ ತಾವು ಸದರಿ ಬೇಲಿಯನ್ನು ತೆರವುಗೊಳಿಸತಕ್ಕದ್ದು, ಮತ್ತು ಆ ಬೆಕ್ಕನ್ನು ಹೊರಗೆ ಓಡಿಸತಕ್ಕದ್ದು." ಬೆಕ್ಕು ನಮ್ಮ ಆಫೀಸಿನದು. ಫೈಲಿನ ಮೇಲೆ ಮಲಗಿತ್ತು. "ತಕ್ಕದ್ದು" ಎಂದು ಸೇರಿಸಿದ್ದು ಮಾತ್ರ ನಾನು. ಭಾಷೆ ಒಂದೇ ಸಮ ಇರಲಿ ಎಂದು.

ಅವರು ಓದಿ ರುಜು ಹಾಕುತ್ತಾರೆ ಎಂದೆನಲ್ಲ, ಅದರಲ್ಲಿ "ಓದಿ" ಎಂಬುದನ್ನು ಈಗ ವಾಪಸ್ಸು ಪಡೆಯುತ್ತೇನೆ.

ಹನ್ನೆರಡನೆಯ ದಿನ ಶೃಂಗೇರಿಯ ವಕೀಲರೊಬ್ಬರಿಂದ ಉತ್ತರ ಬಂತು. ಬೇಲಿಯು ತಮ್ಮ ಕಕ್ಷಿದಾರರ ಸ್ವಂತ ಜಾಗದಲ್ಲಿಯೇ ಇರುತ್ತದೆ ಎಂದೂ, ತಮ್ಮ ಕಕ್ಷಿದಾರರು ಬೆಕ್ಕನ್ನು ಸಾಕಿರುವುದೇ ಇಲ್ಲ ಎಂದೂ, ಈ ಬಗ್ಗೆ ಸುಳ್ಳು ಆಪಾದನೆ ಮುಂದುವರಿದಲ್ಲಿ ಮಾನನಷ್ಟ ಮೊಕದ್ದಮೆ ಹೂಡಲಾಗುವುದೆಂದೂ ಅದರಲ್ಲಿತ್ತು. ನಮ್ಮ ವಕೀಲರು ಅದನ್ನು ಎರಡು ಸಲ ಓದಿ, "ಬೇಲಿ ವಿಷಯದಲ್ಲಿ ಅವರು ಸ್ವಲ್ಪ ಮೆತ್ತಗಾದ ಹಾಗೆ ಕಾಣ್ತದೆ" ಎಂದರು.

ಮಳೆಗಾಲದಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆಂದು ಆಫೀಸಿನಲ್ಲಿ ಒಂದು ಡಬ್ಬ ತುಂಬ ಕುಚ್ಚಲಕ್ಕಿ ಇಟ್ಟು, ಕ್ಯಾಸೆಟ್ಟುಗಳನ್ನು ಅದರೊಳಗೆ ಹೂಳುತ್ತಾರೆ. ಸಾಕ್ಷಿ ಬೇಕಾದರೆ ಅಕ್ಕಿಯೊಳಗೆ ಕೈ ಹಾಕಿ ತಡಕಬೇಕು. ಇನ್ನು ಸೆಲ್ಲು ಮುಗಿಯುತ್ತ ಬಂದಾಗ ವಕೀಲರ ಧ್ವನಿ ದಪ್ಪವಾಗಿ, ನಿಧಾನವಾಗಿ, ಯಕ್ಷಗಾನದ ರಾಕ್ಷಸ ಬಣ್ಣ ಹಚ್ಚುವ ಚೌಕಿಯಿಂದಲೇ ಅಬ್ಬರಿಸುವ ಹಾಗೆ ಬರುತ್ತದೆ. ಅಂಥ ದಿನಗಳಲ್ಲಿ ಟೈಪಾದ ನೋಟೀಸುಗಳಿಗೆ ಬೇಗ ಉತ್ತರ ಬರುತ್ತದೆಂದು ನನ್ನ ಅನುಭವ. ಕಾರಣ ಕೇಳಬೇಡಿ.

ಅವರ ಮನೆ ಹರಿಹರಪುರದಲ್ಲಿ. ಬರುವುದು ಬಸ್ಸಿನಲ್ಲಿ. ಬಸ್ಸಿನಲ್ಲೂ ಡಿಕ್ಟೇಶನ್! ಒಮ್ಮೆ ಅಣ್ಣತಮ್ಮಂದಿರ ಪಾಲಿನ ದಾವೆಯೊಂದನ್ನು ಹೀಗೆ ಹೇಳಿಕೊಂಡು ಬರುತ್ತಿದ್ದರಂತೆ. ಪಕ್ಕದ ಸೀಟಿನ ಅಜ್ಜ ಅಷ್ಟೂ ಹೊತ್ತು ಕಿವಿಗೊಟ್ಟು ಕೂತಿದ್ದವರು, ಕೊನೆಗೆ ತಡೆಯಲಾಗದೆ, "ತಪ್ಪು ನಿಮ್ಮ ಪಾರ್ಟಿದೇ ಮಾರ್ರೆ" ಎಂದರು. ಹಿಂದಿನ ಸೀಟಿನ ಹೆಂಗಸು, "ತಪ್ಪು ಇಬ್ಬರದ್ದೂ ಉಂಟು, ಆದರೆ ತಮ್ಮನಲ್ಲವಾ ಅಂತ ಅಣ್ಣ ಸ್ವಲ್ಪ ಸೋಲಬಾರದಾ?" ಎಂದಳು. ಇದೆಲ್ಲ ಕ್ಯಾಸೆಟ್ಟಿನಲ್ಲಿತ್ತು. ಕಂಡಕ್ಟರನ "ಮುಂದೆ ಹೋಗಿ, ಮುಂದೆ ಹೋಗಿ" ಕೂಡ. ನಿಯಮದಂತೆ ಎಲ್ಲ ಟೈಪ್ ಮಾಡಿದೆ. ಆ ಹಾಳೆಯನ್ನು ಓದಿದ ಕಕ್ಷಿದಾರ, ರಾಜಿ ಮಾಡಿಕೊಳ್ಳುತ್ತೇನೆ ಎಂದ. ವಕೀಲರು ಆ ಅಜ್ಜನನ್ನು ಇವತ್ತಿಗೂ ಬಸ್ಸಿನಲ್ಲಿ ಹುಡುಕುತ್ತಾರೆ.

ಇಂಥವರನ್ನು ಕೋರ್ಟು ಕಮಿಷನರಾಗಿ ನೇಮಿಸಿತು. ಎಂದರೆ, ತಂಟೆಯ ಜಾಗಕ್ಕೆ ಖುದ್ದು ಹೋಗಿ, ನೋಡಿ, ಅಳೆದು, ಕಂಡದ್ದನ್ನು ಕಂಡ ಹಾಗೆ ವರದಿ ಕೊಡುವ ಕೆಲಸ.

ತಂಟೆ ಇದು. ಸೀತೂರಿನ ಕಡೆ ಗಿರಿಜಮ್ಮ ಎನ್ನುವವರ ಮನೆ. ತೋಟದ ಕೂಲಿಗೆ ಹೋಗುವವರು. ಅವರು ರಸ್ತೆಗೆ ಬರುವ ದಾರಿ ಹಿಂದಿನಿಂದಲೂ ಒಬ್ಬ ಯಜಮಾನರ ತೋಟದೊಳಗೆ ಹಾದು ಬರುತ್ತಿತ್ತು. ಯಜಮಾನರು ಈಗ ಅಲ್ಲಿ ಗೇಟು ಹಾಕಿ ಬೀಗ ಜಡಿದಿದ್ದಾರೆ. ಅವರ ವಾದ: ಮನೆಯ ಇನ್ನೊಂದು ಬದಿಗೆ ಹಳ್ಳ ಇದೆ, ಹಳ್ಳಕ್ಕೆ ಸಂಕ ಇದೆ, ಸಂಕ ದಾಟಿದರೆ ರಸ್ತೆ, ಹಾಗಿರುವಾಗ ನಮ್ಮ ತೋಟ ಯಾಕೆ? ಗಿರಿಜಮ್ಮನ ಮಾತು: ಸಂಕವೆಂದರೆ ಎರಡು ಅಡಿಕೆ ಮರದ ಕಾಂಡ, ಹಿಡಿಯಲು ಒಂದು ತಂತಿ. ಮಗಳು ಹೆರಿಗೆಗೆ ಬಂದಿದ್ದಾಳೆ, ಏಳು ತಿಂಗಳು. ನೋವು ಬಂದರೆ ಅವಳನ್ನು ಅದರ ಮೇಲೆ ಹೇಗೆ ದಾಟಿಸುವುದು?

ಆ ಸಂಕ ಮನುಷ್ಯರು ನಡೆಯುವಂಥದ್ದೋ ಅಲ್ಲವೋ ಎಂದು ನಮ್ಮ ವಕೀಲರು ಹೇಳಬೇಕು. ಇಷ್ಟೇ ಕೆಲಸ. ದಡದಲ್ಲಿ ನಿಂತು ನೋಡಿದ್ದರೂ ಆಗುತ್ತಿತ್ತು.

ಹೋದ ದಿನ ಮಳೆ ಬಿಟ್ಟಿತ್ತು, ಹಳ್ಳ ಬಿಟ್ಟಿರಲಿಲ್ಲ. ಕೆಂಪು ನೀರು ದಡದಿಂದ ದಡಕ್ಕೆ ತುಂಬಿ, ಪಕ್ಕದವರ ಮಾತು ಕೇಳದಷ್ಟು ಸದ್ದು ಮಾಡುತ್ತ ಹೋಗುತ್ತಿತ್ತು. ರಸ್ತೆಯ ಬದಿಯ ದಡದಲ್ಲಿ ನಾವು ಮೂವರು: ವಕೀಲರು, ಯಜಮಾನರು, ಅಳತೆಯ ಟೇಪಿನ ತುದಿ ಹಿಡಿದ ನಾನು. ಆಚೆ ದಡದಲ್ಲಿ ಗಿರಿಜಮ್ಮ ಒಬ್ಬರೇ ಕೊಡೆ ಮಡಚಿ ಹಿಡಿದು ನಿಂತಿದ್ದರು.

"ಸಂಕ ಗಟ್ಟಿ ಉಂಟು ಮಾರ್ರೆ, ಹೋದ ವರ್ಷವೇ ಹಾಕಿಸಿದ್ದು" ಎಂದರು ಯಜಮಾನರು.

"ಗಟ್ಟಿ ಉಂಟು ಅಂತ ನೀವು ಹೇಳುದು ಬೇರೆ, ನಾನು ಹೇಳುದು ಬೇರೆ" ಎಂದರು ವಕೀಲರು. ಯಂತ್ರವನ್ನು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಹಾಕಿ, ರಬ್ಬರ್ ಬ್ಯಾಂಡು ಸುತ್ತಿ, ಗುಂಡಿ ಒತ್ತಿದರು. ಟೇಪಿನ ಇನ್ನೊಂದು ತುದಿಯನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡರು. ನನ್ನ ಕಡೆ ತಿರುಗಿ, "ನೀನು ತುದಿ ಬಿಡಬೇಡ" ಎಂದರು. ಆಮೇಲೆ ಸಂಕ ಹತ್ತಿದರು!

ಅವರ ತೂಕದ ಬಗ್ಗೆ ನಾನು ಹೇಳುವುದಿಲ್ಲ. ಅವರು ನನಗೆ ಸಂಬಳ ಕೊಡುವವರು.

"ಸಂಕದ ಅಗಲ ಸುಮಾರು ಒಂದೂವರೆ ಅಡಿ ಇದ್ದು ಅಲ್ಪವಿರಾಮ ಎರಡು ಅಡಿಕೆ ಕಾಂಡಗಳನ್ನು ಜೋಡಿಸಿ ಕಟ್ಟಲಾಗಿರುತ್ತದೆ ಪೂರ್ಣವಿರಾಮ. ಹಿಡಿಯಲು ಒಂದು ತಂತಿ ಇರುತ್ತದೆ ಪೂರ್ಣವಿರಾಮ. ಮೇಲ್ನೋಟಕ್ಕೆ ಸದರಿ ಸಂಕವು ಸುಭದ್ರವಾಗಿ ಕಂಡು..."

ಫಟ್!

ಅಡಿಕೆ ಕಾಂಡ ಮುರಿಯುವ ಸದ್ದು ಒಣ ಕಟ್ಟಿಗೆ ಮುರಿದ ಹಾಗೆ ಇರುವುದಿಲ್ಲ. ಹತ್ತಿರದಲ್ಲೇ ಯಾರೋ ಕೋವಿ ಹಾರಿಸಿದ ಹಾಗೆ ಇರುತ್ತದೆ. ಇದನ್ನು ನಾನು ತಿಳಿದುಕೊಳ್ಳಬೇಕಾಗಿರಲಿಲ್ಲ.

ವಕೀಲರು ಎದೆಮಟ್ಟ ನೀರಿನಲ್ಲಿದ್ದರು. ಎಡಗೈಯಲ್ಲಿ ತಂತಿ, ಬಲಗೈ ನೆಟ್ಟಗೆ ಆಕಾಶಕ್ಕೆ, ಕೈಯಲ್ಲಿ ಕೊಟ್ಟೆಯೊಳಗಿನ ಯಂತ್ರ. ಬಾಯಿ ಆಡುತ್ತಲೇ ಇತ್ತು! ನೀರು ಕುತ್ತಿಗೆಗೆ ಬಂತು. ಬಾಯಿ ನಿಲ್ಲಲಿಲ್ಲ. ಒಮ್ಮೆ ತಲೆಯೇ ಮುಳುಗಿತು. ಕೈ ಮಾತ್ರ ಮೇಲಿತ್ತು. ತಲೆ ಎದ್ದಿತು, ಕೆಮ್ಮಿದರು, ಮತ್ತೆ ಶುರು. ನೀರಿನ ಸದ್ದಿಗೆ ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಆಚೆ ದಡದಲ್ಲಿ ಗಿರಿಜಮ್ಮ ಉಳಿದ ಒಂಟಿ ಕಾಂಡದ ಮೇಲೆ ಒಂದು ಕಾಲಿಟ್ಟು, ಹಿಂದೆ ತೆಗೆದರು. ಪಾಪ, ಹೆದರಿದರು ಎಂದುಕೊಂಡೆ.

ನಾನು ಏನು ಮಾಡಿದೆ? ಟೇಪಿನ ತುದಿ ಹಿಡಿದುಕೊಂಡಿದ್ದೆ. ಬಿಡಬೇಡ ಎಂದಿದ್ದರು, ಬಿಡಲಿಲ್ಲ. ಪದವಿ ಪಡೆದವಳು ನಾನು. ಆ ಮೂರು ನಿಮಿಷ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಟೇಪಿನ ಮೇಲಿನ ಅಳತೆಯೊಂದೇ: ಹನ್ನೊಂದು ಅಡಿ ನಾಲ್ಕು ಇಂಚು, ಹನ್ನೊಂದು ಅಡಿ ನಾಲ್ಕು ಇಂಚು.

ಅವರನ್ನು ಉಳಿಸಿದವರು ಯಜಮಾನರೇ. ಜೀಪಿನ ಮೇಲೆ ಕಟ್ಟಿದ್ದ ಹೊಸ ದೋಟಿ ಎಳೆದು ತಂದರು. ಅಡಿಕೆ ಗೊನೆ ಕೊಯ್ಯುವ, ಬೇಕಾದಷ್ಟು ಉದ್ದ ಮಾಡಬಹುದಾದ ಕೋಲು. ಅದನ್ನು ಚಾಚಿ, ಬೆಲ್ಟಿಗೆ ಸಿಕ್ಕಿಸಿ, ಗೊನೆ ಇಳಿಸುವಷ್ಟೇ ಜಾಗ್ರತೆಯಲ್ಲಿ ವಕೀಲರನ್ನು ದಡಕ್ಕೆ ಇಳಿಸಿದರು. ವಕೀಲರು ಕಣ್ಣು ಬಿಟ್ಟೊಡನೆ ಹೇಳಿದ ಮೊದಲ ಮಾತು, "ನೀವು ಪ್ರತಿವಾದಿ ಅಲ್ಲನಾ?"

"ಹೌದು ಮಾರ್ರೆ."

"ಉಪಕಾರ ಆಯ್ತು. ಸಂಕ ಮುರಿದದ್ದು ಮಾತ್ರ ಬರೀಬೇಕಾಗ್ತದೆ."

"ಬರೀರಿ. ಆದರೆ ಸಾಮಾನ್ಯ ತೂಕದವರಿಗೆ ಸಂಕ ಸಾಕು ಅಂತನೂ ಬರೀರಿ."

ಮರುದಿನದಿಂದ ಕೊಪ್ಪದಲ್ಲಿ ಇದೇ ಸುದ್ದಿ. ಮುಳುಗುವಾಗಲೂ ಡಿಕ್ಟೇಶನ್ ಕೊಟ್ಟ ವಕೀಲರು! ಹಬ್ಬಿಸಿದವಳು ಬೇರೆ ಯಾರೂ ಅಲ್ಲ, ನಾನೇ. ಕ್ಯಾಂಟೀನಿನಲ್ಲಿ ಒಂದು ಕೈ ಮೇಲೆತ್ತಿ, "ನೀರು ಎದೆಯವರೆಗೆ ಅಲ್ಪವಿರಾಮ, ಈಗ ಕುತ್ತಿಗೆಯವರೆಗೆ ಅಲ್ಪವಿರಾಮ" ಎಂದು ಅಭಿನಯಿಸಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ವಕೀಲರೂ ನಕ್ಕರು. ನಗಿಸುತ್ತಿರುವಷ್ಟು ಹೊತ್ತು ಆ ಫಟ್ ನನಗೆ ಕೇಳಿಸುತ್ತಿರಲಿಲ್ಲ. ಸುಮ್ಮನಾದರೆ ಕೇಳಿಸುತ್ತಿತ್ತು. ಚರಂಡಿಯ ಮೇಲಿನ ಹಲಗೆ ದಾಟುವುದಕ್ಕೂ ಈಗ ನಾನು ಯೋಚಿಸುತ್ತೇನೆ.

ಗಿರಿಜಮ್ಮ ಎರಡು ಸಲ ಆಫೀಸಿಗೆ ಬಂದು ಹೋದರು. ಕಾಡಿನ ಸುತ್ತುದಾರಿಯಲ್ಲಿ ನಡೆದು. ಕೇಳಿದ್ದು ಒಂದೇ ಮಾತು. "ವರದಿ ಆಯ್ತಾ ಅಮ್ಮ?"

ಸೋಮವಾರ ಕೋರ್ಟಿಗೆ ಕೊಡಬೇಕು. ಶನಿವಾರ ಬೆಳಿಗ್ಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಉದ್ದ, ಅಗಲ, ತಂತಿ, "ಸುಭದ್ರವಾಗಿ ಕಂಡು". ಫಟ್. ನಿಲ್ಲಿಸಿದೆ. ನೀರು ಕುಡಿದು ಮತ್ತೆ ಹಾಕಿದೆ. ಫಟ್ ಆದ ಮೇಲೆ ಬರೀ ನೀರು. ನೀರಿನೊಳಗೆ ಎಲ್ಲೋ ವಕೀಲರ ಧ್ವನಿ. ಹಿಂದೆ ತಿರುಗಿಸಿ, ಮತ್ತೆ ಹಿಂದೆ ತಿರುಗಿಸಿ ಕೇಳಿದೆ. ಪ್ರತಿ ಸಲವೂ ಸಂಕ ಮೊದಲಿಂದ ಮುರಿಯಿತು. ಏಳನೆಯ ಸಲಕ್ಕೆ ಮಾತು ಸ್ಪಷ್ಟವಾಯಿತು.

ಅದರಲ್ಲಿ ಅಲ್ಪವಿರಾಮ ಇರಲಿಲ್ಲ. ಆಳದ ಲೆಕ್ಕವೂ ಇರಲಿಲ್ಲ.

"ಹತ್ತಬೇಡಿ! ಗಿರಿಜಮ್ಮ, ಸಂಕ ಹತ್ತಬೇಡಿ! ಅಲ್ಲೇ ನಿಲ್ಲಿ!" ಆಮೇಲೆ ನೀರು. ಕೆಮ್ಮು. ಮತ್ತೆ, ಉಸಿರು ಸಾಲದ ಧ್ವನಿಯಲ್ಲಿ, "ನಾನು ನೋಡಿ ಆಯ್ತು. ನೋಡಿ ಆಯ್ತು ತಾಯಿ. ಇನ್ನು ನೀವು ಇದರ ಮೇಲೆ ಕಾಲಿಡುದು ಬೇಡ."

ಆ ಕೈ ಯಂತ್ರವನ್ನು ಉಳಿಸಲು ಮೇಲೆದ್ದದ್ದಲ್ಲ. ಗಿರಿಜಮ್ಮನನ್ನು ತಡೆಯಲು.

ನಿಯಮದಂತೆ ಎಲ್ಲವನ್ನೂ ಟೈಪ್ ಮಾಡಿ ಒಳಗೆ ತೆಗೆದುಕೊಂಡು ಹೋದೆ. ವಕೀಲರು ಹಳ್ಳದಲ್ಲಿ ಪೆಟ್ಟಾಗಿ ಬ್ಯಾಂಡೇಜು ಸುತ್ತಿದ್ದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಈ ಸಲ ನಿಜವಾಗಿಯೂ ಓದಿದರು. ಎರಡನೆಯ ಪುಟದಲ್ಲಿ ಬೆರಳು ನಿಂತಿತು.

"ಇದೆಂತ ಇದು?"

"ನೀವೇ ಹೇಳಿದ್ದು ಸಾರ್."

"ನಾನು ಆಳ ಹೇಳ್ತಾ ಇದ್ದೆ ಅಲ್ಲನಾ? ಊರೆಲ್ಲ ಹಾಗೇ ಹೇಳ್ತದೆ."

"ಊರಿಗೆ ಹೇಳಿದ್ದು ನಾನು ಸಾರ್. ನನಗೆ ಕೇಳಿರಲಿಲ್ಲ. ತಪ್ಪಾಯ್ತು."

ಅವರು ಕೈ ಚಾಚಿದರು. ಹೆಡ್‌ಫೋನ್ ಕೊಟ್ಟು ಗುಂಡಿ ಒತ್ತಿದೆ. ನನಗೇನೂ ಕೇಳುತ್ತಿರಲಿಲ್ಲ. ಆದರೆ ಫಟ್ ಎಂದದ್ದು ಯಾವಾಗ ಎಂದು ಗೊತ್ತಾಯಿತು. ಅವರು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮುಗಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

"ಕಣ್ಣು ಮುಚ್ಚಿದರೆ ಆ ಸದ್ದು ಬರ್ತದೆ ಮಾರಾಯ್ತಿ" ಎಂದರು. "ಅದರ ಮುಂದೆ ನಂಗೆ ಎಂತದೂ ನೆನಪಿಲ್ಲ."

"ನನಗೂ ಬರ್ತದೆ ಸಾರ್."

ಹೊರಗೆ ಬಸ್ಸೊಂದು ಹಾರ್ನ್ ಹಾಕಿ ಹೋಯಿತು.

"ಗಿರಿಜಮ್ಮ ಹತ್ತಲಿಲ್ಲ ಅಲ್ಲ?" ಎಂದು ಕೇಳಿದರು.

"ಇಲ್ಲ ಸಾರ್. ಒಂದು ಕಾಲು ಇಟ್ಟಿದ್ದರು. ನೀವು ಕೈ ಎತ್ತಿದ್ದು ನೋಡಿ ಹಿಂದೆ ತೆಗೆದರು."

ಅವರು ತಲೆಯಾಡಿಸಿ, ಪೆನ್ನಿನ ಮುಚ್ಚಳ ತೆಗೆದು, ಕೊನೆಯ ಪುಟಕ್ಕೆ ರುಜು ಹಾಕಿದರು. ರುಜು ಗೆರೆ ಬಿಟ್ಟು ಸೊಟ್ಟಗೆ ಹೋಯಿತು. ಇನ್ನೊಂದು ಪ್ರತಿ ತೆಗೆಯಲೇ ಎಂದು ನಾನು ಕೇಳಲಿಲ್ಲ.