ಕುಡುಗೋಲು ಮಡುವಿನಲ್ಲಿ ಹೂತು ಕೂತಿರುವ ಯಂತ್ರಕ್ಕೆ

ಮಣ್ಣು ತಳ್ಳುವ ಹಳದಿ ಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ಬಂಗಾರಪೇಟೆ ಸೀಮೆಯಲ್ಲಿ ಎಮ್ಮೆ ಸಾಕಿ ಬದುಕುವ ಕೋದಂಡಪ್ಪನು, ಸೊಂಟದವರೆಗೆ ಕೆಸರಿನಲ್ಲಿ ಹೂತಿರುವ ತಮಗೆ ದಡದಿಂದಲೇ ಮಾಡುವ ಸವಿನಯ ನಮಸ್ಕಾರಗಳು. ತಾವು ಅಲ್ಲಾಡದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ಹೊಳೆ ಹಿಂದೆಂದೋ ಹಾದಿ ಬದಲಿಸಿದಾಗ ಬಿಟ್ಟುಹೋದ ತಿರುವೇ ನಮ್ಮ ಕುಡುಗೋಲು ಮಡು. ಇದನ್ನು ಮುಚ್ಚಿ ನಿವೇಶನ ಮಾಡಲು ತಮ್ಮನ್ನು ಕಳುಹಿಸಿದ ಮಾಲೀಕರು, ‘ಮನೆಯಿಂದಲೇ ನೀರು ನೋಡಿ’ ಎಂಬ ಫಲಕವನ್ನೂ ದಡದಲ್ಲಿ ನೆಡಿಸಿದ್ದಾರೆ. ಹೊಳೆ ತಲೆಮಾರುಗಟ್ಟಲೆ ತಿದ್ದಿ ಮಾಡಿದ ಮಡುವಿನಲ್ಲಿ ಅರ್ಧದಷ್ಟನ್ನು ತಾವು ಊಟದ ಹೊತ್ತಿಗೆಲ್ಲ ಮುಗಿಸಿದ ಚುರುಕನ್ನು ಎಷ್ಟು ಹೊಗಳಿದರೂ ಸಾಲದು.

ಆಮೇಲೆ ಆದದ್ದಕ್ಕೆ ಚಾಲಕ ನರೇಶನನ್ನು ದೂರಬೇಡಿ. ಊರಿಗಾಂನ ಗಣಿ ಕಾರ್ಮಿಕರ ಲೈನಿನಲ್ಲಿ ಹುಟ್ಟಿ, ಚಿನ್ನ ತೆಗೆದುಳಿದ ಪುಡಿ ಗಟ್ಟಿಯಾಗಿ ನಿಂತ ಸೈನೈಡ್ ದಿಬ್ಬಗಳ ಮೇಲೆ ಯಂತ್ರ ಓಡಿಸಲು ಕಲಿತ ಆತನಿಗೆ, ಮೇಲೆ ಒಣಗಿದ್ದರೆ ಕೆಳಗೂ ಗಟ್ಟಿಯೆಂದೇ ಲೆಕ್ಕ. ಒಣಗಿದ ಜೊಂಡನ್ನು ನೆಲವೆಂದು ನಂಬಿ ತಮ್ಮನ್ನು ನುಗ್ಗಿಸಿದ. ಜೊಂಡಿನ ಕೆಳಗೆ ನೀರಿತ್ತು.

ತಾವು ಕೂತಿರುವುದು ಕೊರಮೀನು ಮರಿ ಮಾಡುವ ಮೂಲೆ. ಅದು ತನ್ನ ಕೆಂಪು ಮರಿಗಳ ಗುಂಪನ್ನು ಕಾಯುತ್ತಿರುವಾಗ ನಮ್ಮೂರಲ್ಲಿ ಯಾರೂ ಅಲ್ಲಿ ಗಾಳ ಹಾಕುವುದಿಲ್ಲ. ತಮಗೆ ಯಾರೂ ತಿಳಿಸಿರಲಿಕ್ಕಿಲ್ಲ. ಈ ಮೀನನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ಮಾರಿ ಮನೆ ನಡೆಸುವ ನರಸಮ್ಮ, “ಮಡುವೇ ಓಗ್ಬಿಟ್ರೆ ನಾನು ಬರೀ ಬುಟ್ಟಿ ಎತ್ಕೊಂಡು ಪೇಟೆಗೆ ಓಗ್ಬೇಕಾ, ಕೋದಂಡಣ್ಣ?” ಎಂದು ಕೇಳಿದಳು. ಆ ಪ್ರಶ್ನೆ ಹೊತ್ತು ದಡಕ್ಕೆ ಬಂದು ಈ ಕಾಗದ ಬರೆಯುತ್ತಿದ್ದೇನೆ.

ಆದಕಾರಣ ತಮ್ಮಲ್ಲಿ ಕೈಮುಗಿದು ಕೇಳುವುದೇನೆಂದರೆ, ದಯವಿಟ್ಟು ಮೇಲೇಳಬೇಡಿ. ತಾವು ಹೂತಂದಿನಿಂದ ಮಡುವಿಗೆ ಒಂದು ಬಾಣಲಿ ಮಣ್ಣೂ ಬಿದ್ದಿಲ್ಲ, ತಮ್ಮ ಚಾಚಿದ ತೋಳಿನ ಮೇಲೆ ಮಿಂಚುಳ್ಳಿ ಕೂತು ಬೇಟೆಯಾಡುತ್ತಿದೆ. ಅರ್ಜಿ ಹಿಡಿದು ನಾವು ಸುತ್ತಿದ ಯಾವ ಕಚೇರಿಯೂ ಮಡುವನ್ನು ಇಷ್ಟು ಶ್ರದ್ಧೆಯಿಂದ ಕಾಯ್ದಿರಲಿಲ್ಲ. ಏಳಲೇಬೇಕೆಂಬ ಹಟವಿದ್ದರೆ, ಹೊಳೆಯನ್ನು ವಾಪಸು ಕರೆತಂದು, ಇಂಥದೇ ಇನ್ನೊಂದು ತಿರುವು ಹಾಕಿಸಿ, ಮೀನುಗಳಿಗೆ ಹೊಸ ವಿಳಾಸ ತಿಳಿಸಿ ಹೊರಡಬೇಕಾಗಿ ಕೋರುತ್ತೇನೆ.

ತಮ್ಮ ಚಕ್ರಗಳು ಇನ್ನೂ ಒಂದು ಗೇಣು ಇಳಿಯಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಕೋದಂಡಪ್ಪ

ಬರೆಯಲು ಮರೆತದ್ದು: ತಮ್ಮನ್ನು ಎತ್ತಲು ಭಾರಿ ಕ್ರೇನು ಬರುತ್ತದಂತೆ. ಅದು ನಿಲ್ಲಲು ಗಟ್ಟಿ ನೆಲ ಬೇಕಾದ್ದರಿಂದ, ಉಳಿದರ್ಧ ಮಡುವನ್ನೂ ಮೊದಲು ಮುಚ್ಚುತ್ತಾರಂತೆ. ನರಸಮ್ಮನಿಗೆ ನಾನಿನ್ನೂ ಹೇಳಿಲ್ಲ. ತಾವೇ ತಿಳಿಸಿದರೆ ಉಪಕಾರವಾಗುತ್ತದೆ.