ಮೂರು ಬಡಿತಕ್ಕೆ ಬಾರದ ಸೊಸೆ

ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯಕೂಡದು ಎಂಬ ಕಾನೂನನ್ನು ಉಚ್ಚಂಗಮ್ಮ ಒಂದು ಸೋಮವಾರ ಬೆಳಿಗ್ಗೆ ಒಲೆ ಹಚ್ಚುತ್ತಲೇ ಜಾರಿಗೆ ತಂದಳು. ರೈಲ್ವೆ ಮುಷ್ಕರ ಮುಗಿದ ಮರುವರ್ಷ ಅದು. ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ದೊಡ್ಡ ದೊಡ್ಡ ಸಾಹೇಬರ ಆಜ್ಞೆಗಳೇ ಮೂಲೆ ಸೇರಿದ್ದ ಕಾಲ. ಆದರೂ ತನ್ನ ಆಜ್ಞೆ ನಡೆದೇ ನಡೆಯುತ್ತದೆಂದು ಅವಳಿಗೆ ಭಾರೀ ಭರವಸೆ!

ಇದಕ್ಕೆಲ್ಲ ಕಾರಣ ಕೂಸು. ಹಳಿಯ ಪಕ್ಕದಲ್ಲೇ ಹುಟ್ಟಿದ ಹೆಣ್ಣುಕೂಸು. ಗೂಡ್ಸ್ ಗಾಡಿ ಗೋಡೆ ನಡುಗಿಸಿಕೊಂಡು ಹೋದರೆ ಅದಕ್ಕೆ ಜೋಗುಳ; ಇಂಜಿನ್ನು ಸೀಟಿ ಹಾಕಿದರೆ ಮಗ್ಗುಲನ್ನೂ ಬದಲಿಸುತ್ತಿರಲಿಲ್ಲ. ಮನುಷ್ಯರ ದನಿ ತುಸು ಏರಿತೋ, ಎದ್ದು ಕೂತು ಸ್ಟೇಷನ್ನಿಗೆಲ್ಲ ಕೇಳುವಂತೆ ಅಳುತ್ತಿತ್ತು. ಮತ್ತೋಡಿನಿಂದ ಬಂದಿದ್ದ ಅತ್ತೆ ಹನುಮಮ್ಮನದೋ ಹೊಲದ ಈ ಬದುವಿನಿಂದ ಆ ಬದುವಿಗೆ ಆಳುಗಳನ್ನು ಕರೆದು ಪಳಗಿದ ಗಂಟಲು. ಅವಳು ಎಲೆಅಡಿಕೆ ಕೇಳಿದರೆ ಪಕ್ಕದ ಕ್ವಾರ್ಟರ್ಸಿನವರು ತಂದುಕೊಡುತ್ತಿದ್ದರು.

ಕೂಸು ಅತ್ತಾಗಲೆಲ್ಲ ಹನುಮಮ್ಮ ಸೊಸೆಯತ್ತ ನೋಡುತ್ತಿದ್ದಳು. ಕಡೆಗೊಂದು ದಿನ ತೀರ್ಪನ್ನೂ ಕೊಟ್ಟಳು.

"ನಿನ್ನೊಬ್ಳ ಕೈಲಿ ಆಗಲ್ಲ ಬಿಡೇ. ಹುಣ್ಣಿಮೆ ಕಳೀಲಿ, ಕೂಸನ್ನ ಮತ್ತೋಡಿಗೆ ಕರ್ಕಂಡು ಹೋಗ್ತೀನಿ. ಓಡಾಡಂಗಾದ ಮೇಲೆ ತಂದ್ಬಿಡ್ತೀನಿ."

ಉಚ್ಚಂಗಮ್ಮ ಕೂಸನ್ನು ಎದೆಗವಚಿಕೊಂಡಳು. ಅತ್ತೆ ಕೆಟ್ಟವಳಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಕೂಸಿನ ಮೇಲಿನ ಅಕ್ಕರೆಗೆ ಹೇಳಿದ ಮಾತಿಗೆ ಏನೆಂದು ಎದುರಾಡುವುದು? ತನ್ನಿಂದ ಆಗುತ್ತದೆ ಎಂದು ಮಾಡಿಯೇ ತೋರಿಸಬೇಕು.

ದಾರಿ ತೋರಿಸಿದವನು ಗಂಡ ಮೂಡಲಗಿರಿಯಪ್ಪ. ಕ್ಯಾಬಿನ್ನಿನಲ್ಲಿ ಲಿವರ್ ಎಳೆದು ಸಿಗ್ನಲ್ ಕೊಡುವುದು ಅವನ ಕೆಲಸ. ಅಲ್ಲಿ ಕೂಗಾಟವಿಲ್ಲ, ಎಲ್ಲ ಗಂಟೆಯಲ್ಲೇ. ಸ್ಟೇಷನ್ನಿನಿಂದ ಎಷ್ಟು ಗಂಟೆ ಬಂತೋ ಅಷ್ಟನ್ನೇ ತಿರುಗಿ ಬಾರಿಸಿದರೆ 'ಕೇಳಿಸಿತು, ನೋಡಿಕೊಳ್ಳುತ್ತೇನೆ' ಎಂದು ಅರ್ಥ. ಅಷ್ಟರ ಮೇಲೆ ಎಷ್ಟೋ ಜನರ ಜೀವ ನಿಶ್ಚಿಂತೆಯಿಂದ ಊರು ಸೇರುತ್ತದೆ. ಹಾಗಿದ್ದ ಮೇಲೆ ಒಂದು ಕೂಸಿನ ನಿದ್ದೆ ಯಾವ ಲೆಕ್ಕ!

ಕೋಣೆಗೊಂದು ಹಿತ್ತಾಳೆ ತಂಬಿಗೆ, ಒಂದು ಚಮಚ ಇಟ್ಟಳು. ಒಂದು ಬಡಿತವಾದರೆ ಕೈಲಿರುವ ಕೆಲಸ ಮುಗಿಸಿ ಬರುವುದು. ಎರಡಾದರೆ ಕೆಲಸ ನಿಲ್ಲಿಸಿ, ಒಲೆ ತಗ್ಗಿಸಿ, ಹಾಲಿಗೆ ಮುಚ್ಚಳ ಹಾಕಿ ಬರುವುದು. ಮೂರು ಬಡಿತ ಕೂಸಿಗೆ ಮಾತ್ರ ಮೀಸಲು: ಉರಿಯುವುದು ಉರಿಯಲಿ, ಉಕ್ಕುವುದು ಉಕ್ಕಲಿ, ಎಲ್ಲ ಬಿಸಾಕಿ ಓಡಿ ಬರಬೇಕು. ಕೇಳಿಸಿಕೊಂಡವರು ತಿರುಗಿ ಅಷ್ಟೇ ಬಡಿಯಬೇಕು. ಇದಕ್ಕೆ ಒಂದು ವಿನಾಯಿತಿಯೂ ಇತ್ತು. ಎಸರಿಗೆ ರಾಗಿ ಹಿಟ್ಟು ಬಿದ್ದ ಮೇಲೆ ಮುದ್ದೆ ತಿರುವುವ ಕೈ ನಡುವೆ ನಿಲ್ಲುವಂತಿಲ್ಲ, ನಿಂತರೆ ಬರೀ ಗಂಟು. ಆದ್ದರಿಂದ ಅಡುಗೆಮನೆ ಬಾಗಿಲಿಗೆ ಒದ್ದೆ ಟವಲು ಇಳಿಬಿಟ್ಟಿದ್ದರೆ ಒಂದು ಎರಡಕ್ಕೆಲ್ಲ ಉತ್ತರವಿಲ್ಲ; ಮೂರಾದರೆ ಮಾತ್ರ.

"ನನ್ನ ಮನೇಲಿ ನಾನು ಬಾಯಿ ಬಿಡಬಾರ್ದಾ?" ಎಂದು ಹನುಮಮ್ಮ ಗೊಣಗಿದಳು. ಆದರೂ ಚಮಚ ಹಿಡಿದಳು.

ಎರಡು ದಿನ ಮನೆ ಗುಡಿಯಂತಿತ್ತು. ಕೂಸು ಗಡದ್ದಾಗಿ ಮಲಗಿತು. ಮೂರನೆಯ ದಿನ ಹನುಮಮ್ಮನಿಗೆ ಜ್ಞಾನೋದಯವಾಯಿತು. ಒಂದು ಬಡಿದರೆ ಸೊಸೆ ನಿಧಾನಕ್ಕೆ ಬರುತ್ತಾಳೆ, ಮೂರು ಬಡಿದರೆ ಓಡಿ ಬರುತ್ತಾಳೆ. ಹಾಗಾದರೆ ಒಂದನ್ನು ಯಾಕೆ ಬಡಿಯಬೇಕು? ಸುಣ್ಣದ ಡಬ್ಬಿ ಎಲ್ಲೈತೆ, ಮೂರು ಬಡಿತ. ಚಿತ್ರದುರ್ಗದ ಗಾಡಿ ಬಂತಾ, ಮೂರು ಬಡಿತ. ಬೆನ್ನು ಕಡಿತೈತೆ, ಮೂರು ಬಡಿತ. ಉಚ್ಚಂಗಮ್ಮ ಪ್ರತಿ ಸಲವೂ ಎದೆ ಹಿಡಿದುಕೊಂಡು ಓಡಿ, ತೊಟ್ಟಿಲಲ್ಲಿ ತಣ್ಣಗೆ ಮಲಗಿದ ಕೂಸನ್ನು ನೋಡಿ ವಾಪಸ್ಸು ಬರುತ್ತಿದ್ದಳು. ವಾರ ಕಳೆಯುವ ಹೊತ್ತಿಗೆ ಕಾಲು ಓಡುವುದನ್ನು ನಿಲ್ಲಿಸಿತು. ಆಮೇಲೆ ಎದೆಯೂ ಹಾರುವುದನ್ನು ಬಿಟ್ಟಿತು. ಬಡಿತ ಕಿವಿಗೆ ಬೀಳುತ್ತಿತ್ತು, ಅಲ್ಲಿಂದ ಮುಂದಕ್ಕೆ ಹೋಗುತ್ತಿರಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ. ರಾತ್ರಿ ಪಾಳಿ ಮುಗಿಸಿ ಬಂದ ಮೂಡಲಗಿರಿಯಪ್ಪ ಮುಂದಿನ ಜಗುಲಿಯಲ್ಲಿ ಮಲಗಿದ್ದ, ತಲೆಯ ಹತ್ತಿರ ತಂಬಿಗೆ, ಚಮಚ. ನಡುಮನೆಯಲ್ಲಿ ಕೂಸು, ಅಜ್ಜಿ. ಅಡುಗೆಮನೆಯಲ್ಲಿ ಉಚ್ಚಂಗಮ್ಮ ಬಾಗಿಲಿಗೆ ಟವಲು ಇಳಿಬಿಟ್ಟು, ಎಸರಿಗೆ ಹಿಟ್ಟು ಹಾಕಿ, ಪಾತ್ರೆ ಅಲುಗದಂತೆ ಕವೆಗೋಲು ಕೊಟ್ಟು, ಮುದ್ದೆ ಕೋಲಿನಿಂದ ತಿರುವತೊಡಗಿದ್ದಳು.

ಠಣ್ ಠಣ್ ಠಣ್.

'ಸುಣ್ಣದ ಡಬ್ಬಿ' ಎಂದುಕೊಂಡು ತಿರುವಿದಳು.

ಇನ್ನೂ ಮೂರು ಬಡಿತ. 'ಬೆನ್ನು.' ಮತ್ತೆ ಮೂರು, ಅದರ ಬೆನ್ನಿಗೇ ಇನ್ನೂ ಮೂರು. ಇವತ್ತು ಅತ್ತೆಗೆ ಏನೋ ವಿಪರೀತ ಅವಸರ ಎಂದು ಅವಳಿಗೆ ನಗು ಬಂತು. ಹೆಣ್ಣಾಗಿ ಹುಟ್ಟಿದವಳಿಗೆ ಒಂದು ಮುದ್ದೆಯನ್ನಾದರೂ ಪೂರ್ತಿ ತಿರುವುವ ಸ್ವಾತಂತ್ರ್ಯ ಬೇಡವೇ? ಅವಳು ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಆಮೇಲೆ ಬಡಿತ ನಿಂತುಹೋಯಿತು.

ಕೋಲೂ ನಿಂತಿತು. ಕೇಳಿದ್ದು ಕೈಗೆ ಸಿಗದೆ ಹನುಮಮ್ಮ ಸುಮ್ಮನಾದದ್ದು ಈ ಜನ್ಮದಲ್ಲಿ ಇಲ್ಲ. ಆ ಮೌನ ಅವಳನ್ನು ಹಿಡಿದೆಳೆಯಿತು. ಕೋಲು ಹಿಡಿದುಕೊಂಡೇ, ಟವಲನ್ನು ತಲೆಯಲ್ಲೇ ನೂಕಿ ನಡುಮನೆಗೆ ಓಡಿದಳು.

ಕೂಸು ಚಾಪೆಯ ಮೇಲೆ ಆಗತಾನೆ ಕುಕ್ಕರಿಸಿ ಕೂತಿತ್ತು. ಹನುಮಮ್ಮ ಎರಡೂ ಕೈ ಚಾಚಿಕೊಂಡು ಹಾಗೇ ನಿಂತಿದ್ದಳು. ಕಣ್ಣಲ್ಲಿ ನೀರು.

"ನಡೀತು ಕಣೇ," ಎಂದಳು, ಎಂದೂ ಇಲ್ಲದ ಮೆಲುದನಿಯಲ್ಲಿ. "ಕಂಬ ಹಿಡ್ಕಂಡು ಎದ್ದು ನಿಂತ್ಕಂತು. ಕೈ ಬಿಟ್ತು. ಬಡದೆ. ನನ್ನ ಕಡೆ ಮೂರು ಹೆಜ್ಜೆ ಹಾಕ್ತು. ಯಾಕೆ ಬರ್ಲಿಲ್ಲ?"

ಉಚ್ಚಂಗಮ್ಮ ಕಂಬವನ್ನೂ ಕೂಸನ್ನೂ ಮತ್ತೆ ಮತ್ತೆ ನೋಡಿದಳು. "ಒಂದ್ಸಲ ಕೂಗಬಾರ್ದಿತ್ತಾ ಅತ್ತೆ?"

"ಕೂಗಿದ್ರೆ ಕೂಸು ಬೆಚ್ಚಿ ಬಿದ್ದಿರೋದು. ಅದೂ ಅಲ್ದೆ ನೀನು ಬಡದು ಬಡದು ಉತ್ತರ ಕೊಟ್ಯಲ್ಲ, ಬಂದ್ಲು ಬಂದ್ಲು ಅಂತ ಕಾಯ್ತಾ ಇದ್ದೆ. ಅದರ ಮೇಲಿಂದ ಕಣ್ಣು ತೆಗಿಯಾಕೆ ಆಗ್ತಿತ್ತಾ?"

"ನಾನೆಲ್ಲಿ ಉತ್ತರ ಕೊಟ್ಟೆ?"

ಇಬ್ಬರೂ ಜಗುಲಿಯತ್ತ ತಿರುಗಿದರು. ಮೂಡಲಗಿರಿಯಪ್ಪ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಬಲಗೈಯಲ್ಲಿ ಚಮಚ ಭದ್ರವಾಗಿತ್ತು. ಉಚ್ಚಂಗಮ್ಮ ಅನುಮಾನ ಪರಿಹಾರಕ್ಕೆ ನಡುಮನೆಯ ತಂಬಿಗೆಗೆ ಒಮ್ಮೆ ಬಡಿದಳು. ಕಣ್ಣು ಬಿಡದೆ, ಗೊರಕೆ ತಪ್ಪದೆ, ಅವನು ತಿರುಗಿ ಒಮ್ಮೆ ಬಡಿದ. ಇಷ್ಟು ವರ್ಷದ ನೌಕರಿ ಕೈಗೆ ಇಳಿದಿತ್ತು.

ನಗಬೇಕೋ ಅಳಬೇಕೋ ತಿಳಿಯದೆ ಅವಳು ಚಾಪೆಯ ಮೇಲೆ ಕೂತುಬಿಟ್ಟಳು. ಬಾ ಬಾ ಎಂದು ಎಷ್ಟು ಕರೆದರೂ ಕೂಸು ಏಳಲಿಲ್ಲ. ಮುದ್ದೆ ಕೋಲಿಗೆ ಅಂಟಿದ್ದ ಹಿಟ್ಟು ನೆಕ್ಕುವುದರಲ್ಲಿ ಮುಳುಗಿತ್ತು. ಒಳಗಿನಿಂದ ಸೀದ ವಾಸನೆ ಬಂತು, ಯಾರೂ ಎದ್ದು ಹೋಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹನುಮಮ್ಮ ಸೊಸೆಯ ಪಕ್ಕ ಕೂತಳು.

"ನಾಳಿದ್ದು ಶ್ರೀರಾಂಪುರದ ಬಸ್ಸಿಗೆ ಊರಿಗೆ ಹೊರಡ್ತೀನಿ."

"ಕೂಸು?" ಉಚ್ಚಂಗಮ್ಮ ಅದನ್ನು ಮಡಿಲಿಗೆ ಎಳೆದುಕೊಂಡಳು.

"ಇಲ್ಲೇ ಇರ್ಲಿ. ಇವತ್ತು ನಿನ್ನ ಮಾರಿ ನೋಡಿದ್ನಲ್ಲ. ಮೂರು ಹೆಜ್ಜೆ ತಪ್ಪಿದ್ದಕ್ಕೇ ಹಿಂಗಾದ್ರೆ, ಮಿಕ್ಕಿದ್ದನ್ನೂ ನಾನೇ ನೋಡ್ಕಂಡು ಕೂತ್ರೆ ನೀನು ಉಳಿತೀಯಾ?"

ಉಚ್ಚಂಗಮ್ಮ ಅತ್ತೆಯ ಕೈ ಹಿಡಿದುಕೊಂಡಳು. ಹನುಮಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಜಗುಲಿಯ ಕಡೆ ನೋಡಿ ನಿಟ್ಟುಸಿರು ಬಿಟ್ಟಳು.

"ಕರ್ಕಂಡು ಹೋಗೋದೇ ಆದ್ರೆ ನನ್ನ ಮಗನ್ನ ಕರ್ಕಂಡು ಹೋಗ್ತೀನಿ. ಈ ಮನೇಲಿ ಕರೆದ್ರೆ ಓಗೊಡೋನು ಅವನೊಬ್ನೇಯ, ಅದೂ ನಿದ್ದೇಲಿ."