ತೆರಿಗೆ ಇಲ್ಲದ ಅಪ್ಪ

ಇಪ್ಪತ್ತೆರಡು ವರ್ಷಗಳ ಹಿಂದೆ, ತಾಯಲೂರಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ನಿವೃತ್ತ ಬಸ್ ಕಂಡಕ್ಟರ್ ದೊಡ್ಡವೆಂಕಟಪ್ಪನವರು ಮಗ ಸುಬ್ಬರಾಯಪ್ಪನ ಮುಂಗೈ ಹಿಡಿದುಕೊಂಡು ಒಂದು ಮಾತು ಕೇಳಿದ್ದರು.

"ನಂದೊಂದು ಕಲ್ಲಿನ ವಿಗ್ರಹ ಮಾಡ್ಸೋ ಸುಬ್ಬಾ. ಯೂನಿಫಾರಮ್ಮಲ್ಲೇ ಇರ್ಲಿ. ನಮ್ಮ ಗೇಟ್ ಪಕ್ಕ ನಿಲ್ಸು, ಹೋಗೋರು ಬರೋರನ್ನ ನೋಡ್ಕೊಂಡಿರ್ತೀನಿ. ಬಸ್ ಸ್ಟಾಪಲ್ಲಿ ಮಾತ್ರ ನಿಲ್ಲಿಸ್ಬೇಡ ಕಣೋ. ಮೂವತ್ನಾಲ್ಕು ವರ್ಷ ಬಸ್ಸಲ್ಲೇ ನಿಂತಿದ್ದೀನಿ. ಇನ್ನು ಆ ಹಾರನ್ ಕೇಳೋಕಾಗಲ್ಲ."

"ಆಯ್ತಪ್ಪ, ಬಸ್ ಸ್ಟಾಪಲ್ಲಿ ನಿಲ್ಲಿಸಲ್ಲ. ಇದು ನನ್ನ ಮಾತು."

ಅಲ್ಲಿ ನಿಲ್ಲಿಸಬೇಕೆಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಸ್ವಂತ ಹೆಂಡತಿಗೂ ಟಿಕೆಟ್ ಹರಿದುಕೊಟ್ಟ ಮನುಷ್ಯನ ಮುಖವನ್ನು ದಿನಾ ನೋಡುವ ಆಸೆ ಯಾರಿಗೂ ಇರಲಿಲ್ಲ. ಆದರೆ ಹೊರಟು ನಿಂತ ಜೀವದ ಜೊತೆ ವಾದ ಮಾಡುವುದು ಹೇಗೆ?

ಮಾತು ಕೊಡುವುದು ಸುಲಭ, ಕಲ್ಲು ತರುವುದು ಕಷ್ಟ. ಸುಬ್ಬರಾಯಪ್ಪ ಮುಳಬಾಗಿಲಿನ ಕಾಲೇಜೊಂದರಲ್ಲಿ ಗುಮಾಸ್ತ. ಅವನ ಸಂಬಳ ಮಕ್ಕಳ ಶಾಲೆಯ ಗೇಟಿನ ಮುಂದೆ ಮಾರುವ ಐಸ್ ಕ್ಯಾಂಡಿಯ ಹಾಗೆ, ಕೈಗೆ ಬಂದು ಬಾಯಿಗೆ ಹೋಗುವುದರೊಳಗೆ ಅರ್ಧ ಸೋರಿರುತ್ತಿತ್ತು. ಉಳಿದ ಚೂರುಪಾರನ್ನು ಮಾರ್ಚಿನಲ್ಲಿ ಆದಾಯ ತೆರಿಗೆ ಗುಡಿಸಿಕೊಂಡು ಹೋಗುತ್ತಿತ್ತು. ಹೀಗಿರುವಾಗ ಒಂದು ಬಜೆಟ್ಟಿನಲ್ಲಿ, ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ಇನ್ನು ತೆರಿಗೆ ಇಲ್ಲವೆಂದು ಟಿವಿಯವರು ಹೇಳಿದರು. ಸುಬ್ಬರಾಯಪ್ಪ ತಲೆಯೆತ್ತಿ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದ. ಅಪ್ಪ ಟಿಕೆಟ್ ಕೇಳುವ ಹಾಗೆಯೇ ಇವನನ್ನು ನೋಡುತ್ತಿದ್ದರು.

ಆ ವರ್ಷ ತೆರಿಗೆಯಿಂದ ಉಳಿದ ನಲವತ್ತು ಸಾವಿರಕ್ಕೆ ಚೀಟಿಯ ದುಡ್ಡು ಸೇರಿಸಿ, ಶಿವಾರಪಟ್ಟಣದ ಶಿಲ್ಪಿ ಅಮರನಾಥ್ ಆಚಾರಿಗೆ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೆ ಕೆಲಸ ಒಪ್ಪಿಸಿದ್ದಾಯಿತು. ಈಗ ವಿಗ್ರಹ ಸಿದ್ಧವಾಗಿದೆ. ನಾಳೆ ಅಪ್ಪನ ತಿಥಿ. ನೆಂಟರೆಲ್ಲ ಬರುತ್ತಾರೆ. ಬೆಳಿಗ್ಗೆ ಅವರ ಮುಂದೆ ಅಪ್ಪ ಗೇಟಿನ ಪಕ್ಕ ನಿಂತಿರಬೇಕು. ಹೆಂಡತಿ ಆದಿಲಕ್ಷ್ಮಿ ಗೇಟಿನ ಪಕ್ಕದ ಕಟ್ಟೆಗೆ ಆಗಲೇ ಸುಣ್ಣ ಬಳಿದು ಕಾಯುತ್ತಿದ್ದಳು.

ವಿಗ್ರಹ ತರಲು ಹೊರಟಾಗ ಪಕ್ಕದ ಮನೆಯ ಮುನಿರಾಮಪ್ಪ ಕರೆಯದೆ ಬಂದು ಟೆಂಪೋ ಹತ್ತಿದ. ಚಿಲ್ಲರೆ ಅಂಗಡಿ ಇಟ್ಟುಕೊಂಡಿದ್ದ ಮುನಿರಾಮಪ್ಪನಿಗೆ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವುದೊಂದು ಬಿಟ್ಟು ಉಳಿದ ಎಲ್ಲ ಕೆಲಸವೂ ಬರುತ್ತಿತ್ತು. ಟೆಂಪೋ ಮುಳಬಾಗಿಲಿನ ಖುದ್ದೂಸನದು.

ಆಚಾರಿಯ ಕೈಚಳಕಕ್ಕೆ ಎರಡು ಮಾತಿಲ್ಲ. ಐದಡಿಯ ಕರಿಕಲ್ಲಿನಲ್ಲಿ ದೊಡ್ಡವೆಂಕಟಪ್ಪನವರು ತಲೆಗೆ ಟೋಪಿ, ತುಟಿಯ ನಡುವೆ ಸೀಟಿ, ಹೆಗಲಿಗೆ ದುಡ್ಡಿನ ಚೀಲ, ಎಡಗೈಯಲ್ಲಿ ಟಿಕೆಟ್ ಕಟ್ಟು ಸಮೇತ, ಇನ್ನೇನು ಚಿಲ್ಲರೆ ಕೇಳಿಯೇಬಿಡುತ್ತಾರೆ ಅನ್ನುವಂತೆ ನಿಂತಿದ್ದರು. ಚೀಲದ ಬಾಯಿಯನ್ನು ಸಹ ಆಚಾರಿ ನಿಜವಾಗಿ ಕೊರೆದಿದ್ದ. ಸುಬ್ಬರಾಯಪ್ಪನ ಕಣ್ಣಲ್ಲಿ ನೀರು ಬಂತು. ಬಿಲ್ಲು ನೋಡಿದ ಮೇಲೆ ಆ ನೀರು ಒಣಗಿತು.

"ಇದೇನು ಆರು ಸಾವಿರ ಜಾಸ್ತಿ?"

"ತೆರಿಗೆ ಸಾರ್. ಕಲ್ಲಿನ ದೇವ್ರಿಗಾದ್ರೆ ಇಲ್ಲ, ಪೂರ್ತಿ ಮಾಫಿ. ಮನುಷ್ಯರದ್ದಾದ್ರೆ ಐದು ಪರ್ಸೆಂಟು. ಮೊದ್ಲು ಹನ್ನೆರಡಿತ್ತು, ಈಗ ಇಳ್ಸವ್ರೆ. ನೀವು ಪುಣ್ಯವಂತರು."

"ಸಂಬಳದ ಮೇಲೆ ಬಿಟ್ಟಿದ್ದನ್ನ ಅಪ್ಪನ ಮೇಲೆ ಹಾಕವ್ರಲ್ಲ ಆಚಾರೇ."

ಮುನಿರಾಮಪ್ಪ ವಿಗ್ರಹದ ಸುತ್ತ ಒಂದು ಸುತ್ತು ಬಂದ. "ಸುಬ್ಬಣ್ಣ, ಆರು ಸಾವಿರ ಯಾಕೆ ದಂಡ? ಇವ್ರನ್ನ ಊರು ಮುಟ್ಟೋವರೆಗೆ ದೇವ್ರು ಮಾಡ್ಬಿಡು. ಬಿಲ್ಲಲ್ಲಿ ವೆಂಕಟರಮಣಸ್ವಾಮಿ ಅಂತ ಬರೆಸು. ಮನೇಲಿ ಇಳಿಸಿದ ಮೇಲೆ ನಿಮ್ಮಪ್ಪಾನೇ."

"ಸೀಟಿ ಊದೋ ದೇವ್ರನ್ನ ನಾನು ಇದುವರ್ಗೂ ಕೆತ್ತಿಲ್ಲ," ಎಂದ ಆಚಾರಿ. "ನೀವು ಹೇಳಿದ್ದನ್ನ ಬರ್ಕೊಡ್ತೀನಿ. ದಾರೀಲಿ ಯಾರಾದ್ರೂ ಕೇಳಿದ್ರೆ ಉತ್ತರ ನಿಮ್ದು. ನನ್ನ ಹೆಸ್ರು ಎತ್ಕೂಡ್ದು."

ಬದುಕಿನಲ್ಲಿ ಒಮ್ಮೆಯೂ ಕಾಲೇಜಿನ ಒಂದು ಗುಂಡುಸೂಜಿಯನ್ನು ಸಹ ಮನೆಗೆ ತಂದಿರದ ಸುಬ್ಬರಾಯಪ್ಪ ಹತ್ತು ನಿಮಿಷ ಉಗುರು ಕಚ್ಚಿದ. ಆಮೇಲೆ ಹೂಂ ಅಂದ. ಮುನಿರಾಮಪ್ಪ ಅಲ್ಲೇ ಸಿಕ್ಕಿದ ಗಂಧ, ಕುಂಕುಮದಲ್ಲಿ ದೊಡ್ಡವೆಂಕಟಪ್ಪನವರ ಹಣೆಗೆ ಅಗಲವಾಗಿ ಒಂದು ನಾಮ ಎಳೆದು, ಸೊಂಟಕ್ಕೆ ಹಳದಿ ಪಂಚೆ ಸುತ್ತಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ. ಟೋಪಿ ಮಾತ್ರ ಕಲ್ಲು, ತೆಗೆಯಲು ಬರಲಿಲ್ಲ.

ಕೋಲಾರ ದಾಟುವವರೆಗೆ ಎಲ್ಲವೂ ಸಲೀಸಾಗಿತ್ತು. ಹೆದ್ದಾರಿಯಲ್ಲಿ ಒಂದು ಟೀ ಅಂಗಡಿಯ ಹತ್ತಿರ, 'ಕರ್ನಾಟಕ ಸರ್ಕಾರ' ಎಂದು ಬರೆದಿದ್ದ ಜೀಪಿನ ಪಕ್ಕ ಸಫಾರಿ ತೊಟ್ಟ ಒಬ್ಬರು ಕೈ ಅಡ್ಡ ಹಿಡಿದರು.

"ಟ್ಯಾಕ್ಸಿನೋರು," ಎಂದು ಮುನಿರಾಮಪ್ಪ ಪಿಸುಗುಟ್ಟಿ, ಸೀಟಿನಲ್ಲಿ ಸಾಧ್ಯವಾದಷ್ಟು ಚಿಕ್ಕವನಾದ.

ಆ ಸಾಹೇಬರು ಬಾಯಿ ತೆರೆಯುವ ಮೊದಲೇ ಸುಬ್ಬರಾಯಪ್ಪ ಕೆಳಗಿಳಿದು ಬಿಲ್ಲು ಚಾಚಿದ. "ದೇವ್ರು ಸಾರ್. ಬರೀ ದೇವ್ರು. ಬೇರೆ ಏನೂ ಇಲ್ಲ."

ಸಾಹೇಬರು ಬಿಲ್ಲು ನೋಡದೆ ಟೆಂಪೋದೊಳಗೆ ಇಣುಕಿದರು. "ಯಾವ ದೇವ್ರಪ್ಪ ಇದು? ತಲೆ ಮೇಲೇನು?"

"ಕಿರೀಟ ಸಾರ್. ಸಾದಾ ಕಿರೀಟ."

"ಬಾಯಲ್ಲಿ?"

"ಶಂಖ. ಚಿಕ್ಕದು."

"ಚೀಲ ಯಾಕೆ?"

"ಕುಬೇರನ ಸಾಲ ಇದೆಯಲ್ಲ ಸಾರ್ ಸ್ವಾಮಿಗೆ. ತೀರಿಸೋಕೆ ಕೂಡಿಡ್ತಾನೆ."

"ಆ ಕೈಯಲ್ಲಿರೋದು?"

ಸುಬ್ಬರಾಯಪ್ಪ ಟಿಕೆಟ್ ಕಟ್ಟನ್ನು ನೋಡಿದ. ಬೆವರು ಕಿವಿಯ ಹಿಂದಿನಿಂದ ಇಳಿಯಿತು. "ತಾಳೆಗರಿ ಸಾರ್. ಯಾರ್ಯಾರು ಎಲ್ಲಿ ಹತ್ಬೇಕು, ಎಲ್ಲಿ ಇಳೀಬೇಕು ಅಂತ ಅದ್ರಲ್ಲಿ ಬರ್ದಿರುತ್ತೆ. ಪ್ರಯಾಣದ ವೆಂಕಟರಮಣ ಅಂತಾರೆ."

ಟೀ ಕುಡಿಯುತ್ತಿದ್ದ ನಾಲ್ಕು ಜನ ಲಾರಿ ಡ್ರೈವರುಗಳು ಲೋಟ ಕೆಳಗಿಟ್ಟರು. ಯಾರು ಎಲ್ಲಿ ಇಳಿಯಬೇಕೆಂದು ಗೊತ್ತಿರುವ ದೇವರು ಅಂದರೆ ಲಾರಿ ಓಡಿಸುವವರಿಗೆ ಸಣ್ಣ ವಿಷಯವಲ್ಲ.

ಸಾಹೇಬರು ಖುದ್ದೂಸನ ಕಡೆ ತಿರುಗಿದರು. "ಏನಪ್ಪಾ, ನಿಜಾನಾ?"

"ಸಾಬ್, ನಂಗೆ ಗೊತ್ತಿರೋದು ಲೋಡು. ಐನೂರು ಕೆಜಿ. ದೇವ್ರಾದ್ರೂ ಅದೇ ಬಾಡಿಗೆ, ಮನುಷ್ಯ ಆದ್ರೂ ಅದೇ."

ಸಾಹೇಬರು ಮೆಲ್ಲಗೆ ಚಪ್ಪಲಿ ಬಿಟ್ಟರು. "ಒಂದು ಗಂಟೆಯಿಂದ ನಿಂತಿದ್ದೀನಿ ರೀ. ಟೈರ್ ಪಂಕ್ಚರ್, ಜಾಕ್ ಇಲ್ಲ. ಎಷ್ಟು ಗಾಡಿಗೆ ಕೈ ತೋರಿಸಿದ್ರೂ ಒಂದೂ ನಿಲ್ಲಲಿಲ್ಲ. ಕೊನೆಗೆ ನಿಂತಿದ್ದು ನೋಡಿ, ಪ್ರಯಾಣದ ದೇವ್ರ ಗಾಡಿ."

ಡ್ರೈವರುಗಳು ಖುದ್ದೂಸನ ಜಾಕ್ ಇಸಿದುಕೊಂಡು ಐದು ನಿಮಿಷದಲ್ಲಿ ಚಕ್ರ ಬದಲಾಯಿಸಿದರು. ಆಮೇಲೆ ಒಬ್ಬ ನಿಂಬೆಹಣ್ಣು ತಂದ, ಇನ್ನೊಬ್ಬ ಕರ್ಪೂರ ಹಚ್ಚಿದ, ಮೂರನೆಯವನು ಕಲ್ಲಿನ ಚೀಲದ ಬಾಯಿಗೆ ಹತ್ತು ರೂಪಾಯಿ ತುರುಕಿದ. ದೊಡ್ಡವೆಂಕಟಪ್ಪನವರು ಸತ್ತ ಮೇಲೆ ಚೀಲಕ್ಕೆ ಬಿದ್ದ ಮೊದಲ ಕಲೆಕ್ಷನ್ನು ಅದು.

"ಯಾವೂರಿಗೆ ಸ್ವಾಮಿ ಹೋಗ್ತಿರೋದು?" ಎಂದರು ಸಾಹೇಬರು.

"ತಾಯಲೂರಿಗೆ ಸಾರ್. ನೀವು ಯಾಕೆ ತೊಂದ್ರೆ—"

"ತೊಂದ್ರೆ ಏನ್ರೀ. ಮೂರು ವರ್ಷದಿಂದ ವರ್ಗಾವಣೆಗೆ ಅರ್ಜಿ ಹಾಕಿದ್ದೀನಿ. ಹೆಂಡತಿ ಮಕ್ಕಳೆಲ್ಲ ಹಾಸನದಲ್ಲೇ ಅವ್ರೆ. ಸ್ವಾಮಿ ಇಳಿಯೋವರ್ಗೂ ಜೊತೇಲೇ ಬರ್ತೀನಿ. ಮುಂದೆ ನಮ್ಮ ಜೀಪು."

ಹೀಗೆ ಸರ್ಕಾರದ ಜೀಪು ಮುಂದೆ, ಟೆಂಪೋ ನಡುವೆ, ಹಿಂದೆ ಹಾರನ್ನು ಬಾರಿಸುವ ಎರಡು ಲಾರಿ. ಅಪ್ಪನನ್ನು ಕದ್ದುಮುಚ್ಚಿ ತರಲು ಹೊರಟ ಸುಬ್ಬರಾಯಪ್ಪ ಮೆರವಣಿಗೆಯಲ್ಲಿ ಸಿಕ್ಕಿಕೊಂಡಿದ್ದ. ಪಕ್ಕದಲ್ಲಿ ಮುನಿರಾಮಪ್ಪ ಫೋನು ಹಿಡಿದಿದ್ದ. "ಹೂಂ ಕಣಪ್ಪ, ಸಾಹೇಬ್ರೇ ಬರ್ತಾವ್ರೆ. ತಮಟೆಯೋರಿಗೆ ಹೇಳು."

"ಲೇ ಮುನಿರಾಮಾ, ಯಾರಿಗ್ಲಾ ಫೋನು?"

"ಊರಿಗೆ. ದೇವ್ರು ಸುಮ್ನೆ ಬಂದ್ರೆ ಸಾಹೇಬ್ರಿಗೆ ಅನುಮಾನ ಬರಲ್ವಾ?"

ತಾಯಲೂರಿನಲ್ಲಿ ಊರಿಗೆ ಊರೇ ಬಸ್ ಸ್ಟಾಪಿನ ಹತ್ತಿರ ಸೇರಿತ್ತು. ಗೇಟಿನವರೆಗೆ ಟೆಂಪೋ ಹೋಗಲೇ ಇಲ್ಲ. ಹನ್ನೆರಡು ಜನ ಕೈ ಹಾಕಿ ವಿಗ್ರಹವನ್ನು ಇಳಿಸಿ, ಬಸ್ ಸ್ಟಾಪಿನ ಪಕ್ಕದ ಅರಳಿಕಟ್ಟೆಯ ಮೇಲೆ ನಿಲ್ಲಿಸಿ, ಮೂರು ಕಾಯಿ ಒಡೆದುಬಿಟ್ಟರು. ಬೇಡ ಅನ್ನಲು ಸುಬ್ಬರಾಯಪ್ಪ ಬಾಯಿ ತೆರೆದಾಗಲೆಲ್ಲ ಎದುರಿಗೆ ಸಫಾರಿ ಕಾಣುತ್ತಿತ್ತು.

ಆದಿಲಕ್ಷ್ಮಿ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. "ಏನ್ರೀ, ಮಾವನಿಗೆ ನಾಮ ಯಾರು ಎಳೆದಿದ್ದು? ಬೆಳಗಿಂದ ಸುಣ್ಣ ಬಳಿದು ಕೂತಿದ್ದೀನಿ, ಇಲ್ಲಿ ಯಾಕೆ ನಿಲ್ಸಿದ್ರಿ ಅವ್ರನ್ನ?"

"ಮೆಲ್ಲಗೆ ಕಣೇ."

ಮೆಲ್ಲಗೆ ಅನ್ನುವುದು ಮುದುಕಿ ಅಂಜಮ್ಮನಿಗೆ ತಿಳಿಯದ ವಿದ್ಯೆ. ಕಟ್ಟೆಯ ಹತ್ತಿರ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಇವ್ನು ಕಂಡಕ್ಟರ್ ದೊಡ್ಡವೆಂಕಟಪ್ಪ ಅಲ್ವೇನ್ರೋ? ನನ್ನ ಕೋಳಿಗೂ ಟಿಕೆಟ್ ಹರ್ದಿದ್ದ ಮಹಾನುಭಾವ."

ತಮಟೆ ನಿಂತಿತು. ಸಾಹೇಬರು ನಿಧಾನವಾಗಿ ಸುಬ್ಬರಾಯಪ್ಪನ ಕಡೆ ತಿರುಗಿದರು.

ಇನ್ನು ತಡೆಯಲಾಗಲಿಲ್ಲ. ಸುಬ್ಬರಾಯಪ್ಪ ಕೈ ಮುಗಿದ. "ನಮ್ಮಪ್ಪ ಸಾರ್ ಅವ್ರು, ದೇವ್ರಲ್ಲ. ಸತ್ತು ಇಪ್ಪತ್ತೆರಡು ವರ್ಷ ಆಯ್ತು. ಆರು ಸಾವಿರ ತೆರಿಗೆ ಉಳಿಸೋಕೆ ಸುಳ್ಳು ಹೇಳ್ದೆ. ದಂಡ ಎಷ್ಟಾಗುತ್ತೋ ಹಾಕಿ, ಈಗ್ಲೇ ಕಟ್ತೀನಿ. ಅಪ್ಪನ್ನ ಮಾತ್ರ ಮನೆಗೆ ಕಳಿಸ್ಕೊಡಿ. ಬಸ್ ಸ್ಟಾಪಲ್ಲಿ ನಿಲ್ಲಿಸಲ್ಲ ಅಂತ ಮಾತು ಕೊಟ್ಟಿದ್ದೀನಿ."

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ದಂಡಾನಾ? ನಾನ್ಯಾಕ್ರೀ ಹಾಕ್ಲಿ? ನಾನು ರೇಷ್ಮೆ ಇಲಾಖೆ. ಗಾಡಿ ನಿಲ್ಲಿಸಿದ್ದು ಜಾಕ್ ಕೇಳೋಕೆ."

ಸುಬ್ಬರಾಯಪ್ಪ ಮುನಿರಾಮಪ್ಪನನ್ನು ನೋಡಿದ. ಮುನಿರಾಮಪ್ಪ ಅರಳಿಮರದ ಎಲೆ ಎಣಿಸುತ್ತಿದ್ದ.

ಹೋದ ಜೀವ ಬಂದ ಹಾಗಾಗಿ ಸುಬ್ಬರಾಯಪ್ಪ ಕೂಗಿದ. "ಖುದ್ದೂಸ್, ಗಾಡಿ ಹಿಂದಕ್ಕೆ ತಗೋ. ಅಪ್ಪನ್ನ ಹತ್ಸೋಣ."

ಖುದ್ದೂಸ್ ಗೇರು ಹಾಕುವಷ್ಟರಲ್ಲಿ ಸಾಹೇಬರ ಫೋನು ಬಡಿಯಿತು. ಅವರು ಕಿವಿಗಿಟ್ಟುಕೊಂಡು ಹೂಂ ಅಂದರು, ಮತ್ತೆ ಹೂಂ ಅಂದರು, ಆಮೇಲೆ ಅರಳಿಕಟ್ಟೆಯ ಮುಂದೆ ಉದ್ದಕ್ಕೆ ಮಲಗಿಬಿಟ್ಟರು. ಎದ್ದಾಗ ಸಫಾರಿಯ ತುಂಬ ಮಣ್ಣು.

"ಆರ್ಡರ್ ಆಯ್ತು," ಎಂದರು. "ಹಾಸನಕ್ಕೆ. ಮೂರು ವರ್ಷ ಆಗದ್ದು ಮೂರು ಗಂಟೇಲಿ ಆಯ್ತು. ಇವ್ರು ಕಂಡಕ್ಟರೋ ದೇವ್ರೋ ನಂಗೆ ಬೇಡ ರೀ. ನನ್ನ ಸ್ಟಾಪಲ್ಲಿ ನನ್ನ ಇಳ್ಸವ್ರೆ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮೊದಲು ಚೀಲಕ್ಕೆ ಕಾಣಿಕೆ ಹಾಕಿದವಳು ಅಂಜಮ್ಮ. "ಕೋಳಿ ಟಿಕೆಟ್ ದುಡ್ಡು ಅವತ್ತು ಎರಡು ರೂಪಾಯಿ ಬಾಕಿ ಇತ್ತಪ್ಪ," ಎಂದು ಕೆನ್ನೆ ಬಡಿದುಕೊಂಡಳು. ಊರಲ್ಲಿ ವರ್ಗಾವಣೆ ಬೇಕಾಗಿದ್ದ ಇಬ್ಬರು ಮೇಷ್ಟ್ರುಗಳು ಸಾಲು ನಿಂತರು. ಲಾರಿಯವರು ಫೋಟೋ ತೆಗೆದು ಹೊಸೂರಿನ ತನಕ ಕಳಿಸಿದರು. ಅಲ್ಲೇ ಒಂದು ಕಮಿಟಿ ಆಯಿತು. ಅಧ್ಯಕ್ಷ ಮುನಿರಾಮಪ್ಪ.

"ಮುನಿರಾಮಾ, ನೀನಾದ್ರೂ ಹೇಳೋ. ಇವ್ರು ನಮ್ಮಪ್ಪ ಅಂತ ನಿಂಗೆ ಗೊತ್ತಲ್ಲ."

"ಗೊತ್ತು ಸುಬ್ಬಣ್ಣ. ಅದ್ಕೇ ಮೊದಲ ಸೇವೆ ನಿಂದೇ ಅಂತ ತೀರ್ಮಾನ ಆಗಿದೆ. ಸ್ವಾಮಿ ಬಿಸಿಲಲ್ಲಿ ನಿಂತವ್ರೆ, ಮೇಲೊಂದು ಶೀಟಿನ ಮಂಟಪ ಬೇಕು. ಮುಳಬಾಗಿಲಿನ ಅಂಗಡಿಯಿಂದ ರೇಟು ತರಿಸಿದ್ದೀನಿ. ಸ್ವಂತ ಮಗ ಇದ್ದು ಊರೋರ ಹತ್ರ ಚಂದಾ ಎತ್ತೋದು ಚೆನ್ನಾಗಿರಲ್ಲ."

ಸುಬ್ಬರಾಯಪ್ಪ ಮುನಿರಾಮಪ್ಪನ ಫೋನಿನಲ್ಲಿದ್ದ ಬಿಲ್ಲು ನೋಡಿದ. ಶೀಟು, ಪೈಪು ನಲವತ್ತು ಸಾವಿರ. ತೆರಿಗೆ ಹದಿನೆಂಟು ಪರ್ಸೆಂಟು, ಏಳು ಸಾವಿರದ ಇನ್ನೂರು.

"ದೇವ್ರಿಗೆ ಮಾಫಿ ಅಂದಿದ್ರಲ್ಲೋ."

"ದೇವ್ರಿಗೆ ಮಾಫಿ ಸುಬ್ಬಣ್ಣ. ಶೀಟಿಗೆ ಇಲ್ಲ."

ಇಡೀ ಊರು ಅವನನ್ನೇ ನೋಡುತ್ತಿತ್ತು. ಸುಬ್ಬರಾಯಪ್ಪ ದುಡ್ಡು ಕಳಿಸಿದ. ಖುದ್ದೂಸ್ ಬಾಡಿಗೆ ಇಸಿದುಕೊಳ್ಳುತ್ತಾ, "ಆರು ಸಾವಿರ ಅಲ್ಲೇ ಕೊಟ್ಬಿಟ್ಟಿದ್ರೆ ಮುಗಿದೋಗ್ತಿತ್ತು ಸಾಬ್," ಎಂದ. ಆದಿಲಕ್ಷ್ಮಿ ಗೇಟಿನ ಪಕ್ಕದ ಖಾಲಿ ಕಟ್ಟೆಯ ಮೇಲೆ ತೊಳೆದ ಸುಣ್ಣದ ಬಕೆಟ್ಟು ಬೋರಲು ಹಾಕಲು ಹೊರಟುಹೋದಳು.

ಸಂಜೆಯ ಬಸ್ಸು ಬಂತು. ಡ್ರೈವರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಬಸ್ಸನ್ನು ಸರಿಯಾಗಿ ಅಪ್ಪನ ಮುಂದೆ ನಿಲ್ಲಿಸಿ, ಭಕ್ತಿಯಿಂದ ಮೂರು ಸಲ ಉದ್ದಕ್ಕೆ ಹಾರನ್ ಬಾರಿಸಿದ. ಅದರ ಹಿಂದಿನ ಬಸ್ಸೂ ಬಾರಿಸಿತು.

ಬಸ್ ಸ್ಟಾಪಿನಲ್ಲಿ ನಿಲ್ಲಿಸುವುದಿಲ್ಲವೆಂದು ಸುಬ್ಬರಾಯಪ್ಪ ಅಪ್ಪನಿಗೆ ಕೊಟ್ಟ ಮಾತು ಅಲ್ಲಿಗೆ ಮುರಿಯಿತು.